13ನೇ ಹೋಲ್ ದಾಟಿದ ಮೇಲೆ ಆಟ ಕೆಡುತ್ತಿದೆ. ಗಾಲ್ಫ್ ಆಡುವಾಗ ಏನು ತಿನ್ನಬೇಕು?

ನೀವು ಹೇಳಿದ್ದು ಇಷ್ಟು: ಬ್ಯಾಗ್ ಹೊತ್ತುಕೊಂಡು ನಡೆದೇ 18 ಹೋಲ್ ಆಡುತ್ತೀರಿ. 9 ಮುಗಿದ ಮೇಲೆ ಒಂದು ಬರ್ಗರ್, ಒಂದು ಕೋಲಾ. ನೀರು ಬಾಯಾರಿದಾಗ ಮಾತ್ರ. 13ನೇ ಹೋಲ್ ದಾಟಿದರೆ ಕಾಲು ಭಾರ, ತಲೆ ಮಂಕು, ಚಿಕ್ಕ ಪಟ್ (ಗುಂಡಿಯ ಹತ್ತಿರದಿಂದ ಚೆಂಡನ್ನು ಮೆಲ್ಲಗೆ ಉರುಳಿಸುವ ಹೊಡೆತ) ಕೂಡ ತಪ್ಪುತ್ತದೆ. ತೊಂದರೆ ಸ್ವಿಂಗ್‌ನಲ್ಲಾ, ಊಟದಲ್ಲಾ ಅಂತ ಕೇಳಿದ್ದೀರಿ. ಮೊದಲ 12 ಹೋಲ್ ಚೆನ್ನಾಗಿ ಹೋಗುವ ಸ್ವಿಂಗ್ ಆಮೇಲೆ ಸುಮ್ನೆ ಕೆಡುವುದಿಲ್ಲ. ನಾನೂ ನಡೆದೇ ಆಡುವವನು. ನಿಮ್ಮ ಜಾಗದಲ್ಲಿದ್ದರೆ ಮೊದಲು ಊಟ, ನೀರಿನ ಹೊತ್ತು ಬದಲಾಯಿಸುತ್ತಿದ್ದೆ.

ಒಂದು ಹೊಡೆತಕ್ಕೆ ಒಂದೆರಡು ಸೆಕೆಂಡ್ ಸಾಕು, ಅದಕ್ಕೆ ಅಂಥಾ ಶಕ್ತಿ ಏನೂ ಬೇಡ. ಶಕ್ತಿ ಹೋಗುವುದು ನಡಿಗೆಯಲ್ಲಿ. 4 ತಾಸಿಗೂ ಜಾಸ್ತಿ ಹೊತ್ತು, ಬೆನ್ನ ಮೇಲೆ ಭಾರ ಹೊತ್ತು, ಸುಮಾರು 8 ರಿಂದ 10 ಕಿಲೋಮೀಟರ್. ಜೊತೆಗೆ ಪ್ರತಿ ಹೊಡೆತಕ್ಕೂ ದೂರ, ಗಾಳಿ, ಇಳಿಜಾರು ಅಂತ ಲೆಕ್ಕ ಹಾಕುತ್ತಲೇ ಇರಬೇಕು. ಇಷ್ಟು ಹೊತ್ತು ಏನೂ ತಿನ್ನದೆ ಇದ್ದು, ನಡುವೆ ಒಮ್ಮೆಲೇ ಹೊಟ್ಟೆ ತುಂಬಿಸಿದರೆ ಮೈ ಜಡವಾಗುತ್ತದೆ. ಬರ್ಗರ್‌ನಲ್ಲಿ ಕೊಬ್ಬು ಜಾಸ್ತಿ. ಅದು ಹೊಟ್ಟೆಯಿಂದ ನಿಧಾನವಾಗಿ ಮುಂದೆ ಹೋಗುತ್ತದೆ. ನೀವು 13ಕ್ಕೆ ಬಂದಾಗಲೂ ಅದರಲ್ಲಿ ಬಹಳಷ್ಟು ಇನ್ನೂ ಹೊಟ್ಟೆಯಲ್ಲೇ ಇರುತ್ತದೆ.

ಹಾಗಾಗಿ 9ನೇ ಹೋಲ್‌ವರೆಗೆ ಕಾಯಬೇಡಿ. ಆಟಕ್ಕೆ ಎರಡು ಮೂರು ತಾಸು ಮೊದಲು ಸರಿಯಾಗಿ ತಿಂಡಿ ತಿನ್ನಿ: ಓಟ್ಸ್ ಅಥವಾ ಬ್ರೆಡ್, ಮೊಟ್ಟೆ, ಒಂದು ಹಣ್ಣು. 3ನೇ, 4ನೇ ಹೋಲ್‌ನಿಂದಲೇ ಸ್ವಲ್ಪ ಸ್ವಲ್ಪ ತಿನ್ನಲು ಶುರು ಮಾಡಿ. ಆಮೇಲೆ ಮೂರು ನಾಲ್ಕು ಹೋಲ್‌ಗೆ ಒಮ್ಮೆ. ನಡಿಗೆಯ ಈ ವೇಗಕ್ಕೆ ತಾಸಿಗೆ 20 ರಿಂದ 30 ಗ್ರಾಂ ಕಾರ್ಬೋಹೈಡ್ರೇಟ್ ಸಾಕು. ಮಧ್ಯಮ ಗಾತ್ರದ ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ, ಅಂದರೆ ಲೆಕ್ಕ ಕಷ್ಟವೇನಿಲ್ಲ. ಬರೀ ಸಿಹಿ ಬೇಡ ಅನಿಸಿದರೆ ಒಂದು ಹಿಡಿ ಬಾದಾಮಿ, ಒಣದ್ರಾಕ್ಷಿ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಪೀನಟ್ ಬಟರ್ ಸ್ಯಾಂಡ್‌ವಿಚ್. ನಾಲ್ಕು ತುಂಡು ಮಾಡಿ, ಒಂದೊಂದನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿ, ಬ್ಯಾಗಿನ ಪಕ್ಕದ ಜೇಬಿನಲ್ಲಿ ಇಡುತ್ತೇನೆ. ಒಂದೇ ಕೈಯಲ್ಲಿ ತೆಗೆದು ನಡೆಯುತ್ತಲೇ ತಿನ್ನಬಹುದು. ಚಾಕೊಲೇಟ್ ಹಚ್ಚಿದ ಬಾರ್ ಮಾತ್ರ ಬೇಡ. ಬಿಸಿಲಿಗೆ ಕರಗಿ ಬೆರಳಿಗೆ, ಬೆರಳಿನಿಂದ ಕ್ಲಬ್‌ನ ಹಿಡಿಗೆ ಅಂಟುತ್ತದೆ. ಟವೆಲ್‌ನ ಒಂದು ತುದಿ ಒದ್ದೆ ಇರಲಿ.

ತಿನ್ನಲು ಒಳ್ಳೆಯ ಹೊತ್ತು ಅಂದರೆ ಒಂದು ಹೋಲ್ ಮುಗಿಸಿ ಗ್ರೀನ್‌ನಿಂದ (ಗುಂಡಿ ಇರುವ ನುಣುಪು ಹುಲ್ಲಿನ ಜಾಗ) ಮುಂದಿನ ಟೀಗೆ (ಮೊದಲ ಹೊಡೆತ ಹೊಡೆಯುವ ಜಾಗ) ನಡೆಯುವಾಗ. ನಿಮ್ಮ ಸರದಿ ಬಂದಾಗ ಸಿಪ್ಪೆ ಸುಲಿಯುತ್ತಾ ನಿಲ್ಲಬೇಡಿ. ಸರದಿ ಬಂದ ಮೇಲೆ 40 ಸೆಕೆಂಡ್ ಒಳಗೆ ಹೊಡೆಯಬೇಕು ಅಂತ ಗಾಲ್ಫ್ ನಿಯಮಗಳೇ ಸಲಹೆ ಕೊಡುತ್ತವೆ. ವಿನಾಕಾರಣ ತಡ ಮಾಡಿದರೆ ದಂಡವೂ ಬೀಳಬಹುದು.

ಇನ್ನು ನೀರು. ನಿಮ್ಮ ಚಿಕ್ಕ ಪಟ್ ತಪ್ಪುವುದಕ್ಕೆ ಊಟಕ್ಕಿಂತ ಇದೇ ದೊಡ್ಡ ಕಾರಣ ಇರಬಹುದು ಅಂತ ನನ್ನ ಅನಿಸಿಕೆ. ಮೈತೂಕದ 1 ರಿಂದ 2 ಪ್ರತಿಶತದಷ್ಟು ನೀರು ಕಡಿಮೆಯಾದರೂ ಗಮನ ಸಡಿಲವಾಗುತ್ತದೆ. 70 ಕಿಲೋ ಇರುವವರಿಗೆ ಅದು ಒಂದು ಲೀಟರ್ ಆಸುಪಾಸು, ಬಿಸಿಲಲ್ಲಿ ಅಷ್ಟು ಬೆವರುವುದು ಸುಲಭ. ಗಾಲ್ಫ್ ಆಡುವವರ ಮೇಲೆಯೇ ಇದನ್ನು ಪರೀಕ್ಷಿಸಿ ನೋಡಿದ್ದಾರೆ: ನೀರು ಸ್ವಲ್ಪ ಕಡಿಮೆಯಾದಾಗ ಚೆಂಡು ಹೋಗುವ ದೂರ, ಗುರಿ ಎರಡೂ ಕೆಟ್ಟವು, ದೂರದ ಅಂದಾಜೂ ತಪ್ಪಿತು. ಆದ್ದರಿಂದ ಬಾಯಾರಲಿ ಅಂತ ಕಾಯದೆ ಪ್ರತಿ ಹೋಲ್‌ನಲ್ಲಿ ಎರಡು ಮೂರು ಗುಟುಕು ಕುಡಿಯಿರಿ.

ನಿಮಗೆ ಎಷ್ಟು ಬೇಕು ಅಂತ ತಿಳಿಯಲು ಒಂದು ದಿನ ಆಟಕ್ಕೆ ಮೊದಲು, ಆಟ ಮುಗಿದ ಮೇಲೆ ತೂಕ ನೋಡಿಕೊಳ್ಳಿ. ಅರ್ಧ ಕಿಲೋ ಇಳಿದಿದ್ದರೆ ಹೆಚ್ಚುಕಡಿಮೆ ಅರ್ಧ ಲೀಟರ್ ಕಡಿಮೆ ಕುಡಿದಿದ್ದೀರಿ. ತೂಕ ಏರಿದ್ದರೆ ಜಾಸ್ತಿ ಆಯಿತು. ಅದೂ ಒಳ್ಳೆಯದಲ್ಲ, ವಿಪರೀತ ನೀರು ರಕ್ತದ ಸೋಡಿಯಂ ಇಳಿಸುತ್ತದೆ. ತುಂಬಾ ಬೆವರಿ ಟೋಪಿಯ ಮೇಲೆ ಉಪ್ಪಿನ ಬಿಳಿ ಗೆರೆ ಮೂಡುವವರಾದರೆ ಒಂದು ಬಾಟಲಿಯಲ್ಲಿ ಉಪ್ಪಿನ ಅಂಶ ಇರುವ ಸ್ಪೋರ್ಟ್ಸ್ ಡ್ರಿಂಕ್ ಇಟ್ಟುಕೊಳ್ಳಿ.

ಕಾಫಿ ಅಭ್ಯಾಸ ಇದ್ದರೆ ಬೆಳಗ್ಗೆ ಒಂದು ಕಪ್ ಪರವಾಗಿಲ್ಲ. ಜಾಸ್ತಿಯಾದರೆ ಕೈ ನಡುಗುತ್ತದೆ, ಅದು ಪಟ್ ಮಾಡುವಾಗಲೇ ಗೊತ್ತಾಗುವುದು. ಬಿಯರ್ ಆಟ ಮುಗಿದ ಮೇಲೆ.

ಡಯಾಬಿಟಿಸ್ ಇದ್ದು ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲು ನಿಮ್ಮ ಡಾಕ್ಟರ್ ಹತ್ತಿರ ಮಾತಾಡಿ. ಇಷ್ಟು ದೂರ ನಡೆದರೆ ಸಕ್ಕರೆ ತುಂಬಾ ಇಳಿಯಬಹುದು. ಗ್ಲೂಕೋಸ್ ಮಾತ್ರೆ ಬ್ಯಾಗಿನಲ್ಲಲ್ಲ, ಪ್ಯಾಂಟಿನ ಜೇಬಿನಲ್ಲಿ ಇರಲಿ.

ಇದನ್ನೆಲ್ಲ ಮೊದಲು ಗೆಳೆಯರ ಜೊತೆ ಆಡುವಾಗ ಮಾಡಿ ನೋಡಿ, ಸ್ಪರ್ಧೆಯ ದಿನ ಹೊಸ ಪ್ರಯೋಗ ಬೇಡ. ಆಗಲೂ 13ರ ಮೇಲೆ ಕಾಲು ಎಳೆಯುತ್ತಿದ್ದರೆ ಒಂದು ಸಲ ಬ್ಯಾಗ್ ಹೊರದೆ ಟ್ರಾಲಿಯಲ್ಲಿ ತಳ್ಳಿಕೊಂಡು ಆಡಿ. ಅದರಿಂದ ಆಯಾಸ ಕಡಿಮೆಯಾದರೆ ತೊಂದರೆ ಹೊಟ್ಟೆಯದ್ದಲ್ಲ, ಹೊರುವ ಭಾರದ್ದು.