ಯೋಧರ ಸ್ಮಾರಕಕ್ಕೂ ಲೆಕ್ಕ ಕೇಳೋದಾ?

ಪ್ರಶ್ನೆ: ಸರ್ಕಾರ ಖರ್ಚು ಕಡಿಮೆ ಮಾಡಬೇಕು, ಮಾರುಕಟ್ಟೆಗೆ ಬಿಡಬೇಕು ಅಂತ ಯಾವಾಗಲೂ ಬರೆಯುತ್ತೀರಿ. ಹಾಗಾದರೆ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕವೂ ದಂಡವೇ? (ಹಾಸನದ ಓದುಗರು)

ಉತ್ತರ: ಅಲ್ಲ. ಮುಕ್ತ ಮಾರುಕಟ್ಟೆಯ ಮಾತು ಶುರುವಾಗುವುದೇ ಆಡಂ ಸ್ಮಿತ್‌ನಿಂದ ಅಲ್ವಾ? ಆತ 1776ರಲ್ಲೇ ಬರೆದಿಟ್ಟ, ದೊರೆಯ ಮೊದಲ ಕೆಲಸ ದೇಶವನ್ನು ಕಾಯುವುದು ಅಂತ. ನನ್ನ ತಕರಾರು ನಷ್ಟದಲ್ಲಿ ಓಡುವ ಸರ್ಕಾರಿ ಕಾರ್ಖಾನೆಗಳ ಮೇಲೆ, ಗಡಿ ಕಾಯುವವರ ಮೇಲಲ್ಲ. ಈ ಸ್ಮಾರಕ 2019ರ ಫೆಬ್ರುವರಿ 25ರಂದು ಉದ್ಘಾಟನೆಯಾಯಿತು. ಖರ್ಚು ಸುಮಾರು 176 ಕೋಟಿ ರೂಪಾಯಿ. ಆಗ ಗ್ರಾನೈಟ್ ಫಲಕಗಳ ಮೇಲೆ ಇದ್ದದ್ದು 25,942 ಹೆಸರು. ಭಾಗಿಸಿ ನೋಡಿ, ಒಂದು ಹೆಸರಿಗೆ 68 ಸಾವಿರಕ್ಕಿಂತ ಸ್ವಲ್ಪ ಕಡಿಮೆ. ಇಷ್ಟು ಖರ್ಚು ಮಾಡೋಕೆ ಸ್ವಾತಂತ್ರ್ಯ ಬಂದ ಮೇಲೆ 70 ವರ್ಷ ದಾಟಬೇಕಾಯಿತು. ಅಲ್ಲಿಯವರೆಗೆ ನಾವು ನಮಸ್ಕಾರ ಮಾಡುತ್ತಿದ್ದದ್ದು ಇಂಡಿಯಾ ಗೇಟ್‌ನಲ್ಲಿ, 1972ರಲ್ಲಿ ಹಚ್ಚಿದ ಅಮರ್ ಜವಾನ್ ಜ್ಯೋತಿಯ ಮುಂದೆ. ಆ ಗೇಟಿನ ಮೇಲೆ ಕೆತ್ತಿರುವ ಹೆಸರುಗಳೋ, ಬ್ರಿಟಿಷರಿಗಾಗಿ ಹೋರಾಡಿ ಸತ್ತವರದು. ಅವರೂ ನಮ್ಮವರೇ ಅನ್ನಿ, ಆದರೆ 1962, 65, 71ರಲ್ಲಿ ಸತ್ತವರ ಹೆಸರು ಎಲ್ಲಿತ್ತು?

ಹಾಗಂತ ಸ್ಮಾರಕ ಕಟ್ಟಿದರೆ ಋಣ ತೀರಿತು ಅನ್ನುವ ವಾದ ನನಗೆ ಆಗಿಬರೋದಿಲ್ಲ. ಬೇಗೂರಿನ ವೀರಗಲ್ಲು ನೋಡಿದ್ದೀರಾ? ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ. ತುಂಬೆಪಾಡಿ ಕಾಳಗದಲ್ಲಿ ನಾಗತ್ತರ ಅನ್ನುವ ನಾಯಕ ಸತ್ತ. ಗಂಗರ ದೊರೆ ಎರೆಯಪ್ಪ ಏನು ಮಾಡಿದ ಗೊತ್ತಾ? ನಾಗತ್ತರನ ಪಟ್ಟವನ್ನು ಇರುಗ ಅನ್ನುವವನಿಗೆ ಕಟ್ಟಿ, ಬೆಂಪೂರು ಹನ್ನೆರಡು ಅನ್ನುವ ಹಳ್ಳಿಗಳ ಗುಂಪನ್ನು ಬಿಟ್ಟುಕೊಟ್ಟ. ಯಾವ್ಯಾವ ಹಳ್ಳಿ ಅನ್ನೋದನ್ನೂ ಅದೇ ಕಲ್ಲಲ್ಲಿ ಕೆತ್ತಿಸಿದ. ಗೌರವವೂ ಅಲ್ಲೇ, ಲೆಕ್ಕವೂ ಅಲ್ಲೇ. ದಾರಿಯಲ್ಲಿ ಹೋಗುವ ಯಾರು ಬೇಕಾದರೂ ಓದಿಕೊಳ್ಳಬಹುದಿತ್ತು, ಮಧ್ಯದಲ್ಲಿ ಯಾರೂ ಒಂದು ಹಳ್ಳಿ ನುಂಗೋ ಹಾಗಿರಲಿಲ್ಲ. ನನಗೆ ಬೇಕಿರುವುದು ಇಷ್ಟೇ.

ಪ್ರಶ್ನೆ: ಸೈನಿಕರೂ ಸಂಬಳಕ್ಕೆ ದುಡಿಯುವವರೇ. ಒಪ್ಪಿ ಸೇರಿದ ಮೇಲೆ ವಿಶೇಷ ಸೌಲಭ್ಯ ಯಾಕೆ? ಮಾರುಕಟ್ಟೆ ಲೆಕ್ಕದಲ್ಲಿ ಹೇಳಿ. (ಬೆಂಗಳೂರಿನ ಓದುಗರು)

ಉತ್ತರ: ಸರಿ, ಮಾರುಕಟ್ಟೆ ಲೆಕ್ಕದಲ್ಲೇ ಹೇಳೋಣ. ನಿಮಗೆ ಬಾಸ್ ಜತೆ ಜಗಳ ಆದರೆ ರಾಜೀನಾಮೆ ಬಿಸಾಕಿ ಬರಬಹುದು, ಸೈನಿಕ ಗುಂಡು ಹಾರುತ್ತಿರುವಾಗ ನೋಟಿಸ್ ಪೀರಿಯಡ್ ಕೇಳೋಕಾಗಲ್ಲ. ನಮ್ಮಲ್ಲಿ ಕಡ್ಡಾಯ ಸೇನಾ ಸೇವೆ ಇಲ್ಲ, ಎಲ್ಲರೂ ತಾವಾಗಿ ಸೇರಿದವರು. ಅಮೆರಿಕದಲ್ಲಿ ಕಡ್ಡಾಯ ಭರ್ತಿ ನಿಂತದ್ದು 1973ರಲ್ಲಿ. ಅದು ನಿಲ್ಲಬೇಕು ಅಂತ ಗಟ್ಟಿಯಾಗಿ ವಾದಿಸಿದವರಲ್ಲಿ ಮಿಲ್ಟನ್ ಫ್ರೀಡ್‌ಮನ್ ಒಬ್ಬ, ಮುಕ್ತ ಮಾರುಕಟ್ಟೆಯ ದೊಡ್ಡ ವಕೀಲ. ಹುಡುಗರನ್ನು ಬಲವಂತವಾಗಿ ಎಳೆದು ತಂದು ಕಡಿಮೆ ಸಂಬಳ ಕೊಡುವುದು ಅವರ ಮೇಲೆ ಹಾಕುವ ತೆರಿಗೆಯೇ ಅನ್ನುವುದು ಅವನ ವಾದ. ಬಲವಂತ ಬೇಡ ಅಂದಮೇಲೆ ಸರಿಯಾದ ಬೆಲೆ ಕೊಡಲೇಬೇಕು. ಯುದ್ಧದಲ್ಲಿ ಸತ್ತ ಸೈನಿಕನ ಪತ್ನಿಗೆ ಕೊನೆಯ ಸಂಬಳದಷ್ಟೇ ಕುಟುಂಬ ಪಿಂಚಣಿ ಸಿಗುವುದು ಸರ್ಕಾರದ ದಯೆ ಅಲ್ಲ. ಅದು ಕರಾರಿನ ಬಾಕಿ. ಬಾಕಿ ವಸೂಲಿಗೆ ಆಕೆ ಕಚೇರಿ ಕಚೇರಿ ಅಲೆಯಬೇಕಾದರೆ ಕರಾರು ಮುರಿದವರು ನಾವು.

ಪ್ರಶ್ನೆ: ರಕ್ಷಣಾ ಬಜೆಟ್ ಬಗ್ಗೆ ಪ್ರಶ್ನೆ ಕೇಳಿದರೆ ದೇಶದ್ರೋಹಿ ಅಂತಾರೆ. ಕೇಳಬಾರದಾ? (ಶಿವಮೊಗ್ಗದ ಓದುಗರು)

ಉತ್ತರ: ಕೇಳಿ, ಜೋರಾಗಿಯೇ ಕೇಳಿ. 2020ರಲ್ಲಿ ಸಂಸತ್ತಿನ ಮುಂದೆ ಬಂದ ಸಿಎಜಿ (ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರು) ವರದಿ, ಎತ್ತರದ ಹಿಮದ ಪ್ರದೇಶದ ಸೈನಿಕರಿಗೆ ಬಟ್ಟೆ, ಹಿಮದ ಕನ್ನಡಕ ಸಾಲದೇ ಬಂದದ್ದನ್ನು ಎತ್ತಿ ತೋರಿಸಿತು. ಲೆಕ್ಕ ತಪಾಸಣೆ ಮಾಡುವವರು ಕೇಳದೇ ಇದ್ದಿದ್ದರೆ ನಮಗೆ ಗೊತ್ತಾಗುತ್ತಿತ್ತಾ? ಸಿಯಾಚಿನ್‌ನಲ್ಲಿ ಹಿಮದಡಿ ಸಿಲುಕಿ 2016ರಲ್ಲಿ ತೀರಿಕೊಂಡ ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ್ ಅವರಿಗಾಗಿ ಇಡೀ ರಾಜ್ಯ ಕಣ್ಣೀರು ಹಾಕಿತು, ಒಳ್ಳೆಯದೇ. ಅದೇ ಜಾಗದಲ್ಲಿ ನಿಂತಿರುವ ಇನ್ನೊಬ್ಬ ಹುಡುಗನಿಗೆ ಬೂಟು ಹೊತ್ತಿಗೆ ಸರಿಯಾಗಿ ಸಿಕ್ಕಿದೆಯಾ ಅಂತ ಕೇಳುವುದೂ ಭಕ್ತಿಯೇ. ಸುಮ್ನೆ ಜೈಕಾರ ಹಾಕುವುದು ಸುಲಭ, ಟೆಂಡರ್ ಕಾಗದ ಓದುವುದು ಬೋರು.

ಪ್ರಶ್ನೆ: ಸೈನಿಕರನ್ನು ನಾಲ್ಕು ವರ್ಷಕ್ಕೆ ಸೇರಿಸಿಕೊಳ್ಳುವ ಅಗ್ನಿಪಥ ಯೋಜನೆ ನಿಮ್ಮಂಥವರಿಗೆ ಇಷ್ಟವಾಗಿರಬೇಕು, ಪಿಂಚಣಿ ಉಳಿಯುತ್ತಲ್ಲ? (ಬೆಳಗಾವಿಯ ಓದುಗರು)

ಉತ್ತರ: ಅರ್ಧ ಇಷ್ಟ. 2025-26ರ ರಕ್ಷಣಾ ಬಜೆಟ್ 6.81 ಲಕ್ಷ ಕೋಟಿ, ಅದರಲ್ಲಿ ಪಿಂಚಣಿಗೇ 1.60 ಲಕ್ಷ ಕೋಟಿ. ಇದು ಹೀಗೇ ಬೆಳೆದರೆ ಹೊಸ ಬಂದೂಕಿಗೆ ದುಡ್ಡು ಎಲ್ಲಿಂದ ಬರಬೇಕು? ಆದ್ದರಿಂದ ನಾಲ್ಕು ವರ್ಷದ ಸೇವೆ ಅನ್ನುವುದನ್ನು ನಾನು ಕಣ್ಣುಮುಚ್ಚಿ ಬೈಯಲ್ಲ. ಆದರೆ 2022ರಲ್ಲಿ ಯೋಜನೆ ತಂದಾಗಿನ ನಿಯಮ ನೋಡಿ. ಕರ್ತವ್ಯದಲ್ಲಿ ಸತ್ತ ಅಗ್ನಿವೀರನ (ಈ ಯೋಜನೆಯಲ್ಲಿ ಸೇರಿದ ಸೈನಿಕನ) ಮನೆಯವರಿಗೆ 48 ಲಕ್ಷ ವಿಮೆ, 44 ಲಕ್ಷ ಪರಿಹಾರ ಇತ್ಯಾದಿ ಇದೆ, ತಿಂಗಳು ತಿಂಗಳು ಬರುವ ಕುಟುಂಬ ಪಿಂಚಣಿ ಇಲ್ಲ. ಒಂದೇ ಬಂಕರ್‌ನಲ್ಲಿ ಒಂದೇ ಶೆಲ್ಲಿಗೆ ಇಬ್ಬರು ಸತ್ತರೆ ಇಬ್ಬರ ಮನೆಗೂ ಬೇರೆ ಬೇರೆ ಲೆಕ್ಕ ಯಾಕೆ? ಬದುಕಿ ಬಂದವರ ಪಿಂಚಣಿ ಬಗ್ಗೆ ಚೌಕಾಸಿ ಮಾಡೋಣ, ಸತ್ತವರ ಮನೆ ಜತೆ ಬೇಡ.

ಪ್ರಶ್ನೆ: ಧ್ವಜ ದಿನಕ್ಕೆ ಕೊಡುವ ಹತ್ತು ರೂಪಾಯಿ ಎಲ್ಲಿಗೆ ಹೋಗುತ್ತೆ? (ಮಂಡ್ಯದ ವಿದ್ಯಾರ್ಥಿನಿ)

ಉತ್ತರ: ಡಿಸೆಂಬರ್ 7ರ ಈ ಪದ್ಧತಿ 1949ರಿಂದ ಇದೆ. ದುಡ್ಡು ಸೇರುವುದು ಸಶಸ್ತ್ರ ಪಡೆಗಳ ಧ್ವಜ ದಿನ ನಿಧಿಗೆ. ಯೋಧರ ಪತ್ನಿಯರು, ಮಕ್ಕಳು, ಮಾಜಿ ಸೈನಿಕರ ನೆರವಿಗೆ ಅದು. ಯಾರೂ ಬಲವಂತ ಮಾಡದೆ ಜನ ತಾವಾಗಿ ಕೊಡುವ ದುಡ್ಡು, ಅದಕ್ಕೇ ನನಗೆ ಜಾಸ್ತಿ ಇಷ್ಟ. ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೇ ಹೋಗಿ ಕೊಡಬಹುದು. ರಸೀದಿ ಕೇಳಿ ತಗೊಳ್ಳಿ.