100 ಸಾಕೋ 300 ಬೇಕೋ ಆಮೇಲೆ. ನಿಮ್ಮ ಕಪಾಟು ಯಾವ ಗೋಡೆಗಿದೆ?

ಮುಂಬಯಿಯ ಮುಲುಂಡ್‌ನ ಬಾಡಿಗೆ ಮನೆಗೆ ಫೈಬರ್ ಇಂಟರ್ನೆಟ್ ಹಾಕಿಸಬೇಕು, ಯಾವ ಕಂಪನಿ ಒಳ್ಳೇದು, ಸ್ಪೀಡು 100 ಎಂಬಿಪಿಎಸ್ ಸಾಕೋ 300 ಬೇಕೋ, ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ ಲಾಭವೋ ಅಂತ ಕೇಳಿದ್ದೀರಿ. 2022ರಲ್ಲಿ ನಾನೂ ಇದನ್ನೇ ಹತ್ತು ಜನರ ಹತ್ತಿರ ಕೇಳಿದ್ದೆ. ಹತ್ತು ಜನ ಹತ್ತು ಕಂಪನಿಯ ಹೆಸರು ಹೇಳಿದರು. ವಯರು ಮನೆಯೊಳಗೆ ಎಲ್ಲಿಂದ ಬರುತ್ತದೆ ಅಂತ ಒಬ್ಬರೂ ಕೇಳಲಿಲ್ಲ.

ನಮ್ಮದು ಭಾಂಡುಪ್ ಪಶ್ಚಿಮದ ಹಳೇ ಸೊಸೈಟಿ. ನಾಲ್ಕು ಮಾಳಿಗೆ, ಲಿಫ್ಟ್ ಇಲ್ಲ. ನನಗೆ ಇನ್ಶೂರೆನ್ಸ್ ಕ್ಲೇಮ್ ನೋಡುವ ಕೆಲಸ, ವಾರಕ್ಕೆ ಮೂರು ದಿನ ಮನೆಯಿಂದಲೇ. ಅತ್ತೆಗೆ ರಾತ್ರಿಯಾದರೆ ಯೂಟ್ಯೂಬಿನಲ್ಲಿ ಯಕ್ಷಗಾನದ ಲೈವ್ ಬೇಕು. ಸೊಸೈಟಿಯ ಸೆಕ್ರೆಟರಿ ಅನುಮತಿ ಕೊಡಲು ಎಂಟು ದಿನ ತೆಗೆದುಕೊಂಡರು, ಅದು ಬೇರೆ ಕಥೆ. ಬೋರ್ಡು ದೊಡ್ಡ ಕಂಪನಿಯದ್ದಾದರೂ ವಯರು ಎಳೆಯಲು ಬಂದವನು ಗಲ್ಲಿಯ ಕೇಬಲ್‌ವಾಲಾನ ಹುಡುಗ. ಬಚ್ಚಲ ಕಡೆಯ ಡಕ್ಟಿನಿಂದ (ಪೈಪುಗಳು ಇಳಿಯುವ ಸಂದು) ಬೆಡ್‌ರೂಮಿನ ಕಿಟಕಿಗೆ ತಂದು, ಅಲ್ಲಿಂದ ತೆಳ್ಳಗಿನ ಬಿಳಿ ವಯರಿನಲ್ಲಿ ಹಾಲ್‌ವರೆಗೆ ಎಳೆದ. ಉಳಿದ ಐದಾರು ಮೀಟರನ್ನು ದೊಡ್ಡ ಸುರುಳಿ ಮಾಡಿ ಕಿಟಕಿಯ ಪಕ್ಕ ಮೊಳೆಗೆ ನೇತುಹಾಕಿದ. “ಇದನ್ನು ಮುಟ್ಟಬೇಡಿ” ಅಂತಲೂ ಹೇಳಿ ಹೋದ.

ನಾನು ಮುಟ್ಟಿದೆ. ಚೌತಿಗೆ ಮೂರೇ ದಿನವಿತ್ತು, ನೆಂಟರು ಬರುವವರಿದ್ದರು, ಆ ಸುರುಳಿ ಗೋಡೆಯ ಮೇಲೆ ಹಾವಿನ ಹಾಗೆ ಕಾಣುತ್ತಿತ್ತು. ಅದನ್ನು ಮೊಳೆಯಿಂದ ತೆಗೆದು ಗೋದ್ರೇಜ್ ಕಪಾಟಿನ ಹಿಂದೆ ತುರುಕಿ (ಮುಂಬಯಿಯಲ್ಲಿ ಯಾವ ಕಂಪನಿಯ ಕಬ್ಬಿಣದ ಕಪಾಟೂ ಗೋದ್ರೇಜೇ), ಕಪಾಟನ್ನು ಗೋಡೆಗೆ ಒತ್ತಿ ನಿಲ್ಲಿಸಿದೆ. ಎರಡು ನಿಮಿಷದ ಕೆಲಸ.

ಅದೇ ವಾರದಿಂದ ನೆಟ್ ಹೋಗಿ ಬರಲು ಶುರುವಾಯಿತು, ಹೆಚ್ಚಾಗಿ ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ. ಫೈಬರ್ ವಯರು ಬಂದು ಸೇರುವ ಡಬ್ಬಿಯಲ್ಲಿ ಎಲ್‌ಒಎಸ್ (ಸಿಗ್ನಲ್ ಬರುತ್ತಿಲ್ಲ) ಅನ್ನುವ ಕೆಂಪು ದೀಪ ಮಿಣುಕುತ್ತದೆ, ಎರಡು ನಿಮಿಷಕ್ಕೆ ತಾನಾಗಿ ಹಸಿರಾಗುತ್ತದೆ. ಎಲ್ಲರೂ ಕೆಲಸಕ್ಕೆ ಕೂರುವ ಹೊತ್ತು, ಲೋಡು ಜಾಸ್ತಿ ಅಂದುಕೊಂಡು ಪ್ಲಾನನ್ನು 100ರಿಂದ 300ಕ್ಕೆ ಏರಿಸಿದೆ. ತಿಂಗಳಿಗೆ 300 ರೂಪಾಯಿ ಹೆಚ್ಚು, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಆಮೇಲೆ 2,800 ಕೊಟ್ಟು ಹೊಸ ರೌಟರ್ ತಂದೆ. ಆಮೇಲೆ ಕಸ್ಟಮರ್ ಕೇರ್‌ನವರ ಜೊತೆ ದಿನಾ ಜಗಳ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಮೂರು ತಿಂಗಳು ಹಾಗೇ ಅಂದೆ.

ಡಿಸೆಂಬರಿನಲ್ಲಿ ವಯಸ್ಸಾದ ಲೈನ್‌ಮನ್ ಒಬ್ಬರು ಬಂದರು. ಮಾತಿಲ್ಲ, ಕಥೆಯಿಲ್ಲ. ಡಕ್ಟಿನ ಪೆಟ್ಟಿಗೆಯಲ್ಲಿ ವಯರಿನೊಳಗಿನ ಬೆಳಕು ಅಳೆಯುವ ಪವರ್ ಮೀಟರ್ ಇಟ್ಟರು: ಮೈನಸ್ 19. ಒಳಗೆ ಬಂದು ಹಾಲ್‌ನಲ್ಲಿ ಇಟ್ಟರು: ಮೈನಸ್ 29. ಈ ಲೆಕ್ಕ ಡಿಬಿಎಂನಲ್ಲಿ, ಮೈನಸ್ ಹೆಚ್ಚಾದಷ್ಟೂ ಬೆಳಕು ಕಡಿಮೆ. ಹತ್ತು ಅಂಕಿ ಇಳಿದರೆ ಹತ್ತರಲ್ಲಿ ಒಂದು ಪಾಲು ಮಾತ್ರ ಉಳಿಯಿತು ಅಂತ. ಮೈನಸ್ 27ರ ಆಸುಪಾಸು ದಾಟಿದರೆ ಮನೆಯ ಡಬ್ಬಿ ಒದ್ದಾಡಲು ಶುರುಮಾಡುತ್ತದೆ. ಅವರು ವಯರಿನ ಜಾಡು ಹಿಡಿದು ಬೆಡ್‌ರೂಮಿಗೆ ಹೋದರು. “ತಾಈ, ಹೇ ಕಪಾಟ್ ಜರಾ ಸರಕವಾ” ಅಂದರು. ನಾನೂ ಗಂಡನೂ ಸೇರಿ ಕಪಾಟು ಸರಿಸಿದೆವು. ವಯರಿನ ತುದಿಗೆ ಕೆಂಪು ಲೇಸರ್ ಪೆನ್ ಚುಚ್ಚಿ ಲೈಟು ಆರಿಸಲು ಹೇಳಿದರು. ಕತ್ತಲಲ್ಲಿ ಆ ಬಿಳಿ ವಯರು ಕಾಗದದ ಹಾಗೆ ಮಡಿಸಿಹೋಗಿದ್ದ ಜಾಗ ಊದುಬತ್ತಿಯ ತುದಿಯಂತೆ ಕೆಂಪಗೆ ಹೊಳೆಯುತ್ತಿತ್ತು. ಮುಂದೆ ಹೋಗಬೇಕಾದ ಬೆಳಕು ಅಲ್ಲಿ ಗೋಡೆಗೆ ಸೋರುತ್ತಿತ್ತು.

ಎಂಟೂವರೆಯ ಗುಟ್ಟು ಗೊತ್ತಾಯಿತಾ? ಅದು ಗಂಡ ಆಫೀಸಿನ ಅಂಗಿಗಾಗಿ ಕಪಾಟು ತೆರೆಯುವ ಹೊತ್ತು. ಬಾಗಿಲು ಎಳೆದಾಗ ಕಪಾಟು ಒಂದು ಕೂದಲೆಳೆಯಷ್ಟು ಅಲುಗುತ್ತಿತ್ತು, ಮಡಿಕೆ ಇನ್ನಷ್ಟು ಒತ್ತಿಕೊಳ್ಳುತ್ತಿತ್ತು.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ನಮ್ಮ ತಲೆಯಲ್ಲಿ ವಯರು ಅಂದರೆ ತಾಮ್ರ. ತಾಮ್ರಕ್ಕೆ ಗಂಟು ಹಾಕಿದರೂ ಕರೆಂಟು ಹರಿಯುತ್ತದೆ. ಇದು ಗಾಜು ಮಾರಾಯ್ರೆ. ಗಾಜಿನೆಳೆ 125 ಮೈಕ್ರಾನ್, ಹೆಚ್ಚುಕಡಿಮೆ ತಲೆಗೂದಲಿನ ದಪ್ಪ. ಬೆಳಕು ಹರಿಯುವುದು ಅದರ ನಟ್ಟನಡುವಿನ 9 ಮೈಕ್ರಾನಿನಲ್ಲಿ, ಅಂಚಿಗೆ ಓರೆಯಾಗಿ ತಾಗಿ ಮತ್ತೆ ಒಳಕ್ಕೇ ಮರಳುತ್ತಾ. ಚೂಪಾಗಿ ಮಡಿಸಿದರೆ ಆ ಓರೆ ತಪ್ಪುತ್ತದೆ, ಬೆಳಕು ಹೊರಬೀಳುತ್ತದೆ. ಗಾಜು ಮುರಿಯಬೇಕೆಂದೇನಿಲ್ಲ, ಹೊರಗಿನ ಪ್ಲಾಸ್ಟಿಕ್ ನೋಡಿದರೆ ಏನೂ ಆಗಿಲ್ಲವೆಂದೇ ಕಾಣುತ್ತದೆ. ಮನೆಯೊಳಗಿನ ಬಳಕೆಗೆಂದೇ ಮಾಡಿದ ಎಳೆ 1 ಸೆಂಟಿಮೀಟರ್ ತ್ರಿಜ್ಯದ ತಿರುವನ್ನು ತಡೆಯುತ್ತದೆ, ಹಳೇ ಜಾತಿಯದ್ದಕ್ಕೆ 3 ಬೇಕು. ನೀರಿನ ಬಾಟಲಿಗೆ ಸುತ್ತುವಷ್ಟು ಗುಂಡಗಿದ್ದರೆ ಭಯವಿಲ್ಲ. ನನ್ನ ಮಡಿಕೆಗೆ ತ್ರಿಜ್ಯವೇ ಇರಲಿಲ್ಲ. ಸಮುದ್ರದಡಿಯ ಕೇಬಲ್‌ನಲ್ಲಿ ಅರಬ್ಬೀ ಸಮುದ್ರ ದಾಟಿ ಮುಂಬಯಿಯ ವರ್ಸೋವಾ ದಡಕ್ಕೆ ಬಂದಿಳಿದ ನೆಟ್ ನನ್ನ ಕಪಾಟಿನ ಹಿಂದೆ ಬಂದು ಸೋತಿತ್ತು.

ಅವರು ಮಡಿಕೆಯ ತುಂಡು ಕತ್ತರಿಸಿ, ಎರಡು ತುದಿಗಳನ್ನು ಸ್ಪ್ಲೈಸಿಂಗ್ ಮಷಿನ್‌ನಲ್ಲಿ ಕರಗಿಸಿ ಬೆಸೆದರು. ಮೀಟರ್ ಮೈನಸ್ 19.6 ತೋರಿಸಿತು. ಮರುದಿನವೇ ಪ್ಲಾನನ್ನು 100ಕ್ಕೆ ಇಳಿಸಿದೆ.

ಆದ್ದರಿಂದ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕಂಪನಿ ಯಾವುದಾದರೂ ಕೊನೆಯ ಐವತ್ತು ಮೀಟರು ನಿಮ್ಮ ಗಲ್ಲಿಯ ಹುಡುಗನ ಕೈಯಲ್ಲಿ, ಕೊನೆಯ ಐದು ಮೀಟರು ನಿಮ್ಮ ಕೈಯಲ್ಲಿ. ಕಂಪನಿ ಕೇಳಬೇಡಿ, ಕೆಳಗಿನ ಮಾಳಿಗೆಯವರ ಹತ್ತಿರ ಕೆಟ್ಟರೆ ರಿಪೇರಿಗೆ ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ ಅಂತ ಕೇಳಿ. 4ಕೆ ವಿಡಿಯೋಗೂ 15-20 ಎಂಬಿಪಿಎಸ್ ಸಾಕು, ಮೂರು ಜನರ ಮನೆಗೆ 300 ಯಾಕೆ? ವರ್ಷದ ದುಡ್ಡಂತೂ ಖಂಡಿತ ಬೇಡ. ಒಂದು ಮಳೆಗಾಲ ತಿಂಗಳು ತಿಂಗಳು ಕಟ್ಟಿ ನೋಡಿ. ಡಬ್ಬಿಯನ್ನು ಟಿವಿಯ ಹಿಂದೆ ಅಡಗಿಸಬೇಡಿ, ಹಾಲ್‌ನಲ್ಲಿ ಎತ್ತರಕ್ಕೆ ಇಡಿ. 5 ಗಿಗಾಹರ್ಟ್ಸ್ ವೈಫೈ ಎರಡು ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ.

ಹಾಕಿಸುವ ದಿನ ನೀವೇ ಮನೆಯಲ್ಲಿರಿ. ಮೀಟರ್ ಇಟ್ಟು ತೋರಿಸದೆ ಹುಡುಗನನ್ನು ಬಿಡಬೇಡಿ, ಆ ಅಂಕಿಯನ್ನು ಎಲ್ಲಾದರೂ ಬರೆದಿಡಿ. ನಮ್ಮ ಮನೆಯಲ್ಲಿ ಅದು ಕಪಾಟಿನ ಬಾಗಿಲ ಒಳಗೆ ಪೆನ್ಸಿಲಿನಲ್ಲಿದೆ, ಗಂಡನ ಅಕ್ಷರದಲ್ಲಿ, ಅಂಗಿ ತೆಗೆಯುವಾಗ ಕಾಣುವ ಜಾಗದಲ್ಲಿ. ಸುರುಳಿ ಮೊಳೆಗೇ ನೇತಾಡುತ್ತಿದೆ.

ಮನೆಯ ನಕ್ಷೆ ಒಂದು ಕಾಗದದಲ್ಲಿ ಗೀಚಿ ಹಾಕಿ, ಡಕ್ಟ್ ಎಲ್ಲಿ, ಕಪಾಟು ಎಲ್ಲಿ ಅಂತ. ವಯರು ಯಾವ ದಾರಿಯಲ್ಲಿ ತರಬೇಕೆಂದು ನೋಡಿ ಹೇಳುತ್ತೇನೆ.