ಹಾಡು ಮುಗಿದಾಗ ಚಪ್ಪಾಳೆ ಯಾಕೆ ಬೀಳಲಿಲ್ಲ

ಅಕ್ಕ ಅಂತ ಕರೆದು ಬರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೀತೀನಿ ತಮ್ಮ. ಆಕ್ಲೆಂಡಿನ ಹೊಸ ಆಫೀಸಿನಲ್ಲಿ ನಿನ್ನ ಸ್ವಾಗತದ ದಿನ, ಭಾಷಣ ಮುಗಿದ ಕೂಡಲೇ ಎಲ್ಲರೂ ಎದ್ದು ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿಗಳ ಹಾಡು ಹಾಡಿದರು, ಕೊನೆಗೆ ನೀನೊಬ್ಬನೇ ಚಪ್ಪಾಳೆ ತಟ್ಟಿ ಮುಜುಗರಪಟ್ಟೆ ಅಂದಿದ್ದೀಯ. ಪಕ್ಕದ ಟೋಂಗಾ ದ್ವೀಪದವರ ಮನೆಯಲ್ಲಿ ಸಾವಾಗಿದೆ, ಆದರೂ ರಾತ್ರಿಯೆಲ್ಲ ಗುಂಪಾಗಿ ಹಾಡ್ತಾರೆ, ಇದೇನು ಅಂತಲೂ ಕೇಳಿದ್ದೀಯ.

ನಮ್ಮ ಮದುವೆಯಲ್ಲಿ ತಾಳಿ ಕಟ್ಟೋ ಹೊತ್ತಿಗೆ ಗಟ್ಟಿಮೇಳ ಮೊಳಗುತ್ತಲ್ಲ, ಅದಕ್ಕೆ ಯಾರಾದರೂ ಚಪ್ಪಾಳೆ ತಟ್ಟಿದ್ದು ನೋಡಿದ್ದೀಯಾ? ಅದು ಸಂಗೀತ ಕಚೇರಿಯಲ್ಲ. ಆ ಗಳಿಗೆಯಲ್ಲಿ ಕೆಟ್ಟ ಮಾತೊಂದೂ ಕಿವಿಗೆ ಬೀಳದಿರಲಿ ಅಂತ ಊದಿಸೋದು. ಮಾವೊರಿಗಳ ವೈಯಾತಾಕ್ಕೂ, ಅಂದರೆ ಹಾಡಿಗೂ, ಹಾಗೇ ಒಂದು ಕೆಲಸ ಇದೆ. ಅವರ ಸ್ವಾಗತಕ್ಕೆ ಪೋಫಿರಿ ಅಂತಾರೆ. ಮೊದಲು ಹೆಂಗಸರು ದನಿ ಎತ್ತಿ ಕರೀತಾರೆ, ಅದು ಕರಂಗಾ. ಆಮೇಲೆ ಭಾಷಣ. ಮಾತಾಡಿದವರ ಬೆನ್ನಿಗೆ ಅವರ ಕಡೆಯವರೆಲ್ಲ ಎದ್ದು ನಿಂತು ಹಾಡಬೇಕು. ಇವರು ಆಡಿದ ಮಾತು ನಮ್ಮೆಲ್ಲರದ್ದೂ ಹೌದು ಅಂತ ಒಪ್ಪಿಗೆ ಹಾಕಿದ ಹಾಗೆ ಅದು. ಸ್ವರ ಸ್ವಲ್ಪ ಆಚೀಚೆ ಆದರೂ ಯಾರೂ ಏನೂ ಅಂದುಕೊಳ್ಳಲ್ಲ. ಎದ್ದು ನಿಲ್ಲದಿದ್ದರೆ ಮಾತ್ರ ಎದ್ದು ಕಾಣುತ್ತೆ.

ನನಗೆ ಇದು ಗೊತ್ತಾದದ್ದು ಒಂದು ಸಾವಿನ ಮನೆಯಲ್ಲಿ. ಜೊತೆಗೆ ಕೆಲಸ ಮಾಡ್ತಿದ್ದವಳ ತಾಯಿ ತೀರಿಕೊಂಡಿದ್ದರು. ಅವರ ಮರಾಯ್‌ಗೆ, ಅಂದರೆ ಕುಲದವರೆಲ್ಲ ಸೇರೋ ಜಾಗಕ್ಕೆ, ನಾವು ಮೂವರು ಹೋದೆವು. ತೆರೆದ ಪೆಟ್ಟಿಗೆಯಲ್ಲಿ ಆ ತಾಯಿ ಮಲಗಿದ್ದರು, ಪಕ್ಕದಲ್ಲಿ ಮನೆಯ ಹೆಂಗಸರು ನೆಲದ ಮೇಲೇ ಕೂತಿದ್ದರು. ನಮ್ಮ ಪರವಾಗಿ ಒಬ್ಬರು ನಾಲ್ಕು ಮಾತಾಡಿ ನಿಲ್ಲಿಸಿದರು. ಆಮೇಲೆ ಪೂರಾ ಮೌನ. ಎಲ್ಲರೂ ನಮ್ಮನ್ನೇ ನೋಡ್ತಿದ್ದಾರೆ, ನಮಗೆ ಒಂದು ಹಾಡೂ ಬರಲ್ಲ. ಆಗ ಆ ಕಡೆಯಿಂದ ಒಬ್ಬ ಅಜ್ಜಿ ಎದ್ದು, ಕೋಲೂರಿಕೊಂಡು ಅಂಗಳ ದಾಟಿ ನಮ್ಮ ಪಕ್ಕಕ್ಕೆ ಬಂದು ನಿಂತು, ನಮ್ಮ ಪರವಾಗಿ ತಾವೇ ಹಾಡಿದರು. ನನ್ನ ಮೊಣಕೈ ಹಿಡಿದುಕೊಂಡೇ ಹಾಡಿದರು. ಆ ಕೈಯ ಬಿಸಿ ನಾನಿನ್ನೂ ಮರೆತಿಲ್ಲ. ಮುಂದೆ ಇಂಥದ್ದೇ ಸಂದರ್ಭ ಬಂದಾಗ ನಾನು ಒಂದು ವಚನ ಹಾಡಿದೆ. ಕನ್ನಡ ಯಾರಿಗೂ ಅರ್ಥವಾಗಲಿಲ್ಲ, ಆದರೆ ಯಾರೂ ಅದನ್ನ ಕಡಿಮೆ ಅಂತ ನೋಡಲೂ ಇಲ್ಲ.

ಹಾಕಾ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ರಗ್ಬಿ ಪಂದ್ಯದಲ್ಲಿ ನೋಡಿ ಅದು ಎದುರಾಳಿಯನ್ನ ಹೆದರಿಸೋ ಕುಣಿತ ಅಂದುಕೊಂಡಿರ್ತೀಯ. ಅದನ್ನೇ ಸಾವಿನಲ್ಲೂ ಮಾಡ್ತಾರೆ, ಸತ್ತವರಿಗೆ ಗೌರವ ಅಂತ. ಪಂದ್ಯದಲ್ಲಿ ಜಗತ್ತೇ ನೋಡಿರೋ ‘ಕಾ ಮಾಟೆ’ ಅನ್ನೋ ಹಾಕಾ ನ್ಗಾತಿ ತೋವಾ ಕುಲದ್ದು, ಕಟ್ಟಿದವರು ಅವರ ಮುಖಂಡ ತೆ ರೌಪರಾಹಾ ಅಂತ ಒಪ್ಪಿಕೊಳ್ಳೋಕೆ 2014ರಲ್ಲಿ ಪಾರ್ಲಿಮೆಂಟೇ ಒಂದು ಕಾಯ್ದೆ ಮಾಡಿತು. ನಮ್ಮವರು ಕೆಲವರು ಪಾರ್ಟಿಯಲ್ಲಿ ನಾಲಿಗೆ ಹೊರಚಾಚಿ ಅದನ್ನ ತಮಾಷೆಗೆ ಮಾಡ್ತಾರೆ. ದಯವಿಟ್ಟು ನೀನು ಸೇರಬೇಡ.

2019ರ ಮಾರ್ಚ್ 15ರಂದು ಕ್ರೈಸ್ಟ್‌ಚರ್ಚಿನ ಎರಡು ಮಸೀದಿಗಳಲ್ಲಿ ಗುಂಡು ಹಾರಿಸಿ 51 ಜನರನ್ನ ಕೊಂದಾಗ ಅಲ್ಲಿನ ಶಾಲಾ ಹುಡುಗರು ಬೀದಿಯಲ್ಲಿ ನಿಂತು ಹಾಕಾ ಮಾಡಿದರು. ಮುಂದಿನ ಶುಕ್ರವಾರ ಹ್ಯಾಗ್ಲಿ ಪಾರ್ಕಿನಲ್ಲಿ ಆಜಾನ್ ಕೂಗಿದರು, ರೇಡಿಯೋ ಟೀವಿಗಳಲ್ಲಿ ದೇಶವೆಲ್ಲ ಕೇಳಿತು, ಆಮೇಲೆ ಎರಡು ನಿಮಿಷ ಮೌನ. ಆಜಾನ್ ಕೇಳಿದಾಗ ‘ಎಂಥ ಚೆಂದದ ಹಾಡು’ ಅಂತ ನನ್ನ ಬಾಯಿಗೆ ಬಂದಿತ್ತು, ಪಕ್ಕದಲ್ಲಿದ್ದ ಸೊಮಾಲಿ ಗೆಳತಿ ಮೆಲ್ಲಗೆ ತಿದ್ದಿದಳು: ಅದು ಹಾಡಲ್ಲ, ಕರೆ. ಕುರಾನ್ ಓದೋದೂ ಅಷ್ಟೇ, ನಮ್ಮ ಕಿವಿಗೆ ರಾಗ ಕೇಳಿಸಿದರೂ ಅವರು ಅದನ್ನ ಸಂಗೀತ ಅನ್ನಲ್ಲ.

ಪಾಕೆಹಾ, ಅಂದರೆ ಬಿಳಿಯರ ರೀತಿ ಬೇಗ ಅರ್ಥವಾಗುತ್ತೆ. ಅವರಲ್ಲಿ ಹಾಡು ಬಹುಮಟ್ಟಿಗೆ ಒಬ್ಬೊಬ್ಬರ ಇಷ್ಟದ ಮಾತು. ಶವಸಂಸ್ಕಾರದಲ್ಲಿ ಸತ್ತವರಿಗೆ ಪ್ರೀತಿಯಾಗಿದ್ದ ರಾಕ್ ಹಾಡನ್ನೇ ಹಾಕಿದರೆ ಗಾಬರಿಯಾಗಬೇಡ, ಅದು ಅಗೌರವ ಅಲ್ಲ.

ಇನ್ನು ನಿನ್ನ ಪಕ್ಕದ ಮನೆ. ಟೋಂಗಾದವರಲ್ಲಿ ಮಣ್ಣು ಮಾಡೋ ಹಿಂದಿನ ರಾತ್ರಿ ಜಾಗರಣೆ ಇರುತ್ತೆ, ಅಪೋ ಅಂತಾರೆ. ಚರ್ಚಿನ ತಂಡಗಳು ಬಂದು ಬೆಳಗಿನವರೆಗೂ ಭಕ್ತಿಗೀತೆ ಹಾಡ್ತಾರೆ, ವಾದ್ಯ ಇಲ್ಲದೇನೇ ನಾಲ್ಕು ದನಿ ಸೇರಿಸಿ. ಮನೆಯವರನ್ನ ದುಃಖದ ಜೊತೆ ಒಂಟಿಯಾಗಿ ಬಿಡಬಾರದು ಅಂತ ಅದು. ಕಪ್ಪು ಬಟ್ಟೆಯ ಮೇಲೆ ಸೊಂಟಕ್ಕೆ ಚಾಪೆ ಸುತ್ತಿಕೊಂಡವರನ್ನ ನೀನೇ ನೋಡಿರಬೇಕು. ಗಲಾಟೆ ಅಂತ ಕೌನ್ಸಿಲ್ಲಿಗೆ ಫೋನ್ ಮಾಡಬೇಡ. ಬಾಗಿಲಿಗೆ ಹೋಗಿ ‘ಸುದ್ದಿ ಕೇಳಿ ಬೇಜಾರಾಯ್ತು’ ಅನ್ನು, ಒಳಗೆ ಕರೆದರೆ ಹಿಂದೆ ಸುಮ್ಮನೆ ಕೂತು ಬಾ.

ಮುಂದಿನ ತಿಂಗಳು ಹೊಸಬರನ್ನ ಸ್ವಾಗತಿಸೋವಾಗ ನೀನೂ ಹಾಡಬೇಕಂತೆ, ಹಾಡೋಕೆ ಬರಲ್ಲ ಅಂತ ಭಯಪಟ್ಟಿದ್ದೀಯ. ‘ತೆ ಆರೊಹಾ’ ಅಂತ ಒಂದಿದೆ, ನಾಲ್ಕೇ ಸಾಲು: ಪ್ರೀತಿ, ನಂಬಿಕೆ, ಶಾಂತಿ, ನಮ್ಮೆಲ್ಲರಿಗೂ. ಹೆಚ್ಚಿನ ಆಫೀಸುಗಳಲ್ಲಿ ಅದನ್ನೇ ಕಲಿಸ್ತಾರೆ. ಶನಿವಾರ ಬೆಳಿಗ್ಗೆ ಫೋನ್ ಮಾಡು, ಉಚ್ಚಾರಣೆ ನಾನು ಹೇಳಿಕೊಡ್ತೀನಿ.